ಗುಡ್ಡ ಹತ್ತುವ ಕೃತಕ ಕಾಲು

ಕಾಲಿಲ್ಲದವರಿಗೆ ಚಾರಣವೇಕೆ, ಮನೆಯೊಳಗೆ ಓಡಾಡುವಷ್ಟು ನೆರವು ಸಾಲದೇ ಎಂದು ದಾನಿಗಳೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. 2011ರಲ್ಲಿ ರೈಲಿಗೆ ಸಿಕ್ಕಿ ಎಡಗಾಲು ಕಳೆದುಕೊಂಡ ಅರುಣಿಮಾ ಸಿನ್ಹಾ 2013ರ ಮೇ 21ರಂದು ಎವರೆಸ್ಟ್ ಏರಿದರು. ಎಲ್ಲರೂ ಅವರ ಛಲವನ್ನು ಹೊಗಳುತ್ತಾರೆ. ನಮ್ಮ ವೈದ್ಯಕೀಯ ನೆರವು ನಿಧಿಯ ಅರ್ಜಿಗಳನ್ನು ನೋಡುವ ನನಗೆ ಮೊದಲು ನೆನಪಾಗುವುದು ಸಾಕೆಟ್.

ಮೋಟುಗಾಲು ಕೂರುವ ಬಟ್ಟಲಿನಂಥ ಭಾಗವದು. ಸಿಂಹಗಡ ಹತ್ತುವಾಗ ಬೆವರಿಗೆ ಜಾರುತ್ತದೆ. ಇಳಿಯುವಾಗ ಮೈಭಾರವೆಲ್ಲ ಅಲ್ಲಿಗೇ ಬೀಳುತ್ತದೆ. ನಡೆದಂತೆ ಮೋಟುಗಾಲಿನ ಗಾತ್ರ ಕುಗ್ಗುವುದರಿಂದ ನಡುದಾರಿಯಲ್ಲಿ ಕೂತು ಇನ್ನೊಂದು ಕಾಲುಚೀಲ ಸೇರಿಸಬೇಕು. ಚರ್ಮದ ಕೆಂಪು ಸ್ವಲ್ಪ ಹೊತ್ತಿನಲ್ಲಿ ಮಾಯವಾಗದಿದ್ದರೆ ನಡಿಗೆ ಅಲ್ಲಿಗೇ ನಿಲ್ಲಬೇಕು. ಸಕ್ಕರೆ ಕಾಯಿಲೆಯವರಿಗಂತೂ ಎಷ್ಟೋ ಸಲ ನೋವೇ ತಿಳಿಯದು, ಹುಣ್ಣಾದ ಮೇಲೆಯೇ ಗೊತ್ತಾಗುವುದು.

ಜೈಪುರದ ರಬ್ಬರ್ ಪಾದ ಉಬ್ಬುತಗ್ಗಿನ ನೆಲಕ್ಕೂ ಹೊಂದುತ್ತದೆ, ಚಕ್ಕಳಮಕ್ಕಳ ಹಾಕಿಯೂ ಕೂರಬಹುದು. ಆದರೆ ಸಾಕೆಟ್ ಸಡಿಲವಾದರೆ ಎಂಥ ಒಳ್ಳೆಯ ಪಾದವೂ ಮೂಲೆ ಸೇರುತ್ತದೆ. ಶಸ್ತ್ರಚಿಕಿತ್ಸೆಯ ನಂತರದ ತಿಂಗಳುಗಳಲ್ಲಿ ಊತ ಇಳಿಯುತ್ತ ಹೋಗುವುದರಿಂದ ಸಾಕೆಟ್ ಬದಲಾಯಿಸಬೇಕಾಗುತ್ತದೆ. ಗುಡ್ಡಕ್ಕೆ ತಾಳಿದ್ದು ರೈಲ್ವೆ ಸ್ಟೇಷನ್ನಿನ ಮೆಟ್ಟಿಲಿಗೂ ತಾಳುತ್ತದೆ. ಮೊದಲ ಕಾಲಿಗೆ ದಾನಿಗಳು ಸಿಗುತ್ತಾರೆ, ಎರಡನೆಯ ಸಾಕೆಟ್‌ಗೆ ಕಷ್ಟ. ಈ ಸಲದ ಮನವಿ ಅದಕ್ಕಾಗಿ. ದೇಣಿಗೆಯ ಚೀಟಿಯಲ್ಲಿ ‘ಸಾಕೆಟ್’ ಎಂದು ಬರೆಯಿರಿ.