ದೂರದ ಪೇಟೆಗೆ ಹೊರಡುವ ಮುನ್ನ ಟ್ರೇಲರಿನ ಟೈರು ನೋಡಿಕೊಳ್ಳಿ

ಸುಗ್ಗಿ ಮುಗಿದೊಡನೆ ಮಾಲು ಪೇಟೆ ಸೇರಬೇಕು. ಹುಬ್ಬಳ್ಳಿಯ ಗಬ್ಬೂರ ಕ್ರಾಸು ದಾಟಿ ಕೆಲವು ಟ್ರೇಲರುಗಳು ಅಮರಗೋಳದ ಮಾರುಕಟ್ಟೆಗೆ ಹೋದರೆ, ಕೆಲವು ಹಾವೇರಿಯನ್ನೂ ದಾಟಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋಗುತ್ತವೆ. ಹೆದ್ದಾರಿಯಲ್ಲಿ ಟೈರು ಸಿಡಿದರೆ ಮಾಲಿನ ಜೊತೆಗೆ ಜೀವಕ್ಕೂ ಅಪಾಯ. ಎರಡು ಗಾಲಿಯ ಟ್ರೇಲರಂತೂ ಸಿಡಿದ ಕಡೆಗೇ ವಾಲುತ್ತದೆ.

ಟೈರು ಸಿಡಿಯುವುದೇಕೆ?

ಬಿಸಿಲಿಗೆ ಟೈರು ಸಿಡಿಯುತ್ತದೆಂದು ತಿಳಿದು ಬೇಸಿಗೆಯಲ್ಲಿ ಗಾಳಿ ಕಡಿಮೆ ಇಡುವ ರೈತರಿದ್ದಾರೆ. ಇದು ಸರಿಯಲ್ಲ. ಗಾಳಿ ಕಡಿಮೆಯಾದ ಟೈರು ಹೇರಿನ ಭಾರಕ್ಕೆ ಕುಸಿಯುತ್ತದೆ. ಪ್ರತಿ ಸುತ್ತಿಗೂ ಅದರ ಪಕ್ಕೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ತಂತಿಯನ್ನು ಮೇಲಿಂದ ಮೇಲೆ ಬಗ್ಗಿಸಿದರೆ ಬಿಸಿಯಾಗುವಂತೆ ಟೈರಿನೊಳಗೂ ಕಾವು ಹುಟ್ಟುತ್ತದೆ. ಆ ಕಾವಿಗೆ ರಬ್ಬರು ಒಳಗಿನ ನೂಲಿನ ಪದರಿನಿಂದ ಬಿಟ್ಟುಕೊಂಡು ಟೈರು ಸಿಡಿಯುತ್ತದೆ. ಅತಿಭಾರ ಮತ್ತು ಅತಿವೇಗ ಈ ಕಾವನ್ನು ಇನ್ನಷ್ಟು ಏರಿಸುತ್ತವೆ.

ಎರೆ ಹೊಲದಲ್ಲಿ ಮಣ್ಣು ಗಟ್ಟಿಯಾಗಬಾರದೆಂದು ಗಾಳಿ ಇಳಿಸುವುದು ಬೇಸಾಯದ ದೃಷ್ಟಿಯಿಂದ ಒಳ್ಳೆಯದೇ. ಆದರೆ ಹೊಲದ ನಿಧಾನ ನಡೆಗೆ ಒಪ್ಪುವ ಗಾಳಿ ಡಾಂಬರು ರಸ್ತೆಯ ಓಟಕ್ಕೆ ಸಾಲದು. ರಸ್ತೆಗೆ ಹತ್ತುವ ಮೊದಲು ಮರೆಯದೆ ತುಂಬಿಸಿರಿ.

ಅನುಸರಿಸಬೇಕಾದ ಕ್ರಮಗಳು

1. ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಗಾಳಿಯನ್ನು ಮಾಪಕದಿಂದ ಅಳೆಯಿರಿ. ಒದ್ದು ನೋಡಿದರೆ ತಿಳಿಯದು. ಟೈರು ತಾಳುವ ಗಾಳಿ ಮತ್ತು ಭಾರದ ಮಿತಿ ಅದರ ಪಕ್ಕೆಯ ಮೇಲೆ ಅಚ್ಚಾಗಿರುತ್ತದೆ. ಭಾರ ಲೆಕ್ಕ ಹಾಕುವಾಗ ಟ್ರೇಲರಿನ ಸ್ವಂತ ತೂಕವನ್ನೂ ಸೇರಿಸಿರಿ.

2. ಓಡಿ ಬಿಸಿಯಾದ ಟೈರಿನಲ್ಲಿ ಗಾಳಿಯ ಒತ್ತಡ ಏರುವುದು ಸಹಜ. ಆಗ ಗಾಳಿ ಬಿಡಬೇಡಿ. ತಣ್ಣಗಾದಾಗ ಅದು ಕಡಿಮೆ ಬೀಳುತ್ತದೆ.

3. ಉಬ್ಬು, ಆಳವಾದ ಸೀಳು ಅಥವಾ ಹೊರಬಂದ ನೂಲು ಕಂಡರೆ ಆ ಟೈರನ್ನು ಬದಲಿಸಿರಿ. ಗುಂಡಿ ಆಳವಿದ್ದರೂ ಹಳೆಯ ರಬ್ಬರು ಬಿರುಕು ಬಿಟ್ಟಿರಬಹುದು. ತಯಾರಿಕೆಯ ಕಾಲವನ್ನು ನಾಲ್ಕು ಅಂಕಿಗಳು ಹೇಳುತ್ತವೆ: 2319 ಎಂದಿದ್ದರೆ 2019ರ 23ನೆಯ ವಾರ.

4. ಕೃಷಿ ಟೈರಿನ ಮೇಲೆ 'ಎ6' ಎಂದಿದ್ದರೆ ವೇಗದ ಮಿತಿ ತಾಸಿಗೆ 30 ಕಿ.ಮೀ.; 'ಎ8' ಎಂದಿದ್ದರೆ 40 ಕಿ.ಮೀ. ಇದನ್ನು ಮೀರಬಾರದು.

5. ಗಾಲಿಯ ನಟ್ಟುಗಳನ್ನು ಬಿಗಿಮಾಡಿ, ಬೇರಿಂಗಿಗೆ ಗ್ರೀಸು ಹಾಕಿರಿ. ದಾರಿಯಲ್ಲಿ ನಿಂತಾಗ ಗಾಲಿಗಳ ಹತ್ತಿರ ಅಂಗೈ ಹಿಂಬದಿ ಹಿಡಿದು ನೋಡಿರಿ. ಒಂದು ಗಾಲಿ ಉಳಿದವಕ್ಕಿಂತ ಹೆಚ್ಚು ಬಿಸಿಯಿದ್ದರೆ ದೋಷ ಅಲ್ಲೇ ಇದೆ.

6. ಕೆಲಸವಿಲ್ಲದ ತಿಂಗಳುಗಳಲ್ಲಿ ಟ್ರೇಲರನ್ನು ನೆರಳಿನಲ್ಲಿಟ್ಟು, ಅಚ್ಚಿನ ಕೆಳಗೆ ಗಟ್ಟಿ ದಿಮ್ಮಿ ಕೊಟ್ಟು ಟೈರಿನ ಮೇಲಿನ ಭಾರ ಇಳಿಸಿರಿ. ಎಣ್ಣೆ, ಡೀಸೆಲ್ ತಾಗಗೊಡಬೇಡಿ.

ಓಡುವಾಗ ಸಿಡಿದರೆ

ಗಾಬರಿಯಿಂದ ಬ್ರೇಕು ಒತ್ತಬೇಡಿ. ಸ್ಟಿಯರಿಂಗನ್ನು ನೇರವಾಗಿ ಬಿಗಿ ಹಿಡಿದು, ವೇಗ ತಾನಾಗಿ ತಗ್ಗಿದ ಮೇಲೆ ಎಡಬದಿಗೆ ನಿಲ್ಲಿಸಿ ಗಾಲಿಗೆ ಕಲ್ಲು ಕೊಡಿ. ಟ್ರೇಲರು ಮಗುಚಿದರೆ ಮೊದಲು ಸಿಕ್ಕಿಬೀಳುವವರು ಹೇರಿನ ಮೇಲೆ ಕುಳಿತವರು. ಆದ್ದರಿಂದ ಮನೆಯವರನ್ನಾಗಲಿ ಆಳುಗಳನ್ನಾಗಲಿ ಮಾಲಿನ ಮೇಲೆ ಕೂರಿಸದೆ ಬಸ್ಸಿನಲ್ಲಿ ಕಳಿಸಿರಿ. ಗಾಳಿಯ ಮಾಪಕಕ್ಕೆ ಹೆಚ್ಚು ಬೆಲೆಯಿಲ್ಲ. ಒಂದನ್ನು ಕೊಂಡು ಟ್ರ್ಯಾಕ್ಟರಿನ ಸಾಮಾನಿನ ಪೆಟ್ಟಿಗೆಯಲ್ಲಿ ಸದಾ ಇಟ್ಟುಕೊಳ್ಳಿರಿ.