ಫೈಲ್ ಸರಿಸುತ್ತದೆ, ಸರಿ. ಆಮೇಲೆ?

ಕಳೆದ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ಸಿರುಗುಪ್ಪ ಹತ್ತಿರ ಒಂದು ಭತ್ತದ ಗದ್ದೆಯಲ್ಲಿ, ಕುರುಗೋಡು ಹತ್ತಿರ ಒಂದು ಮೆಣಸಿನಕಾಯಿ ಹೊಲದಲ್ಲಿ ಸೆನ್ಸರ್ ಇಟ್ಟಿದ್ವಿ. ಮೂರು ವಾರಕ್ಕೊಮ್ಮೆ ಬಳ್ಳಾರಿಯಿಂದ ಬಸ್ ಹತ್ತಿ ಹೋಗಿ ಮೆಮೊರಿ ಕಾರ್ಡ್ ತರೋದು ನಮ್ಮ ಕೆಲಸ. ಎರಡೂ ಕಾರ್ಡ್‌ನಲ್ಲಿ ಫೈಲ್ ಹೆಸರು ಒಂದೇ, ‘ರೀಡಿಂಗ್ಸ್’. ಫೈಲ್ ಜೋಡಿಸೋಕೆ ಅಂತ ನಾವೇ ಒಂದು ಎಐ ಏಜೆಂಟ್ ಮಾಡಿಕೊಂಡಿದ್ವಿ.

ಒಂದು ಸಂಜೆ ಅದಕ್ಕೆ “ಎರಡೂ ಊರಿನ ರೀಡಿಂಗ್ಸ್ ಡೇಟಾ ಫೋಲ್ಡರ್‌ಗೆ ಹಾಕು” ಅಂದ್ವಿ. “ಎರಡು ಫೈಲ್ ಸರಿಸಿದ್ದೇನೆ” ಅಂತ ಉತ್ತರ ಬಂತು. ಫೋಲ್ಡರ್ ತೆಗೆದು ನೋಡಿದ್ರೆ ಇದ್ದದ್ದು ಒಂದೇ ಫೈಲ್, ಕುರುಗೋಡಿನದು. ಸಿರುಗುಪ್ಪದ ಮೂರು ವಾರದ ರೀಡಿಂಗ್ ಮಾಯ! ಕಾರ್ಡ್ ಆಗಲೇ ಫಾರ್ಮ್ಯಾಟ್ ಮಾಡಿದ್ವಿ. ಅಷ್ಟರಲ್ಲಿ ಭತ್ತದ ಕೊಯ್ಲೂ ಮುಗಿದಿತ್ತು. ಮತ್ತೆ ಅಳೆಯೋಕೆ ಗದ್ದೆಯಲ್ಲಿ ಏನೂ ಇರಲಿಲ್ಲ.

ಮೊದಲು ಏಜೆಂಟ್‌ಗೆ ಬೈದ್ವಿ. ಆಮೇಲೆ ನಮ್ಮ ಕೋಡ್ ತೆಗೆದು ನೋಡಿದಾಗ ಗೊತ್ತಾಯ್ತು, ತಪ್ಪು ನಮ್ಮದೇ.

ಏಜೆಂಟ್‌ಗೆ ಕಾಣೋದು ಏನು?

ಏಜೆಂಟ್ ತಾನೇ ಫೈಲ್ ಮುಟ್ಟುವುದಿಲ್ಲ. ನಾವು ಕೊಟ್ಟ ಟೂಲ್‌ಗಳಲ್ಲಿ ಒಂದನ್ನು ಆರಿಸಿ ಕರೆಯುತ್ತದೆ. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಕಂಪನಿ ಬಿಡುಗಡೆ ಮಾಡಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್, ಅಂದ್ರೆ ಎಂಸಿಪಿ ಪ್ರಕಾರ ನೋಡಿದರೆ, ಮಾಡೆಲ್‌ಗೆ ಸಿಗುವುದು ಮುಖ್ಯವಾಗಿ ಮೂರು: ಟೂಲ್‌ನ ಹೆಸರು, ಅದರ ಡಿಸ್ಕ್ರಿಪ್ಷನ್, ಯಾವ ಯಾವ ಇನ್‌ಪುಟ್ ಕೊಡಬೇಕು ಅನ್ನುವ ಪಟ್ಟಿ. ಒಳಗಿನ ಪೈಥಾನ್ ಕೋಡ್ ಅದಕ್ಕೆ ಕಾಣುವುದೇ ಇಲ್ಲ.

ನಮ್ಮ ಡಿಸ್ಕ್ರಿಪ್ಷನ್ ಇದ್ದದ್ದು ಎರಡೇ ಪದ: “ಫೈಲ್ ಸರಿಸುತ್ತದೆ.” ಒಳಗಡೆ ಇದ್ದದ್ದು ಪೈಥಾನ್‌ನ ‘ಓಎಸ್ ರಿನೇಮ್’. ಹೋಗಬೇಕಾದ ಜಾಗದಲ್ಲಿ ಅದೇ ಹೆಸರಿನ ಫೈಲ್ ಇದ್ದರೆ ವಿಂಡೋಸ್‌ನಲ್ಲಿ ಇದು ಎರರ್ ಕೊಡುತ್ತದೆ. ಲಿನಕ್ಸ್‌ನಲ್ಲಿ ಹಳೆಯದನ್ನು ಅಳಿಸಿ ಸದ್ದಿಲ್ಲದೆ ಹೊಸದನ್ನು ಕೂರಿಸುತ್ತದೆ. ನಾವು ಟೆಸ್ಟ್ ಮಾಡಿದ್ದು ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ, ಓಡಿಸಿದ್ದು ಲಿನಕ್ಸ್‌ನಲ್ಲಿ. ಪಾಪ, ಏಜೆಂಟ್‌ಗೆ ಇದೆಲ್ಲ ಯಾರು ಹೇಳಬೇಕಿತ್ತು?

ಎಂಸಿಪಿ ಜೊತೆ ಮಾದರಿಯಾಗಿ ಕೊಟ್ಟಿರುವ ಫೈಲ್‌ಸಿಸ್ಟಮ್ ಸರ್ವರ್‌ನ ಡಿಸ್ಕ್ರಿಪ್ಷನ್‌ಗಳನ್ನು ಆಮೇಲೆ ಓದಿದ್ವಿ. ಫೈಲ್ ಸರಿಸುವ ಟೂಲ್‌ನಲ್ಲಿ, ಆ ಜಾಗದಲ್ಲಿ ಫೈಲ್ ಮೊದಲೇ ಇದ್ದರೆ ಕೆಲಸ ಆಗುವುದಿಲ್ಲ ಅಂತ ಬರೆದಿದೆ. ಫೈಲ್ ಬರೆಯುವ ಟೂಲ್‌ನಲ್ಲಿ, ಹಳೆಯದು ಎಚ್ಚರಿಕೆ ಕೊಡದೆ ಅಳಿಯುತ್ತದೆ, ಹುಷಾರು ಅಂತ ಇದೆ. ನಾವು ಬಿಟ್ಟಿದ್ದು ಇಂಥದ್ದೇ ಒಂದು ಸಾಲು.

ಈಗ ನಾವು ಬರೆಯೋದು ಹೀಗೆ

“ಪ್ರಾಜೆಕ್ಟ್ ಫೋಲ್ಡರ್ ಒಳಗೆ ಒಂದು ಫೈಲನ್ನು ಬೇರೆ ಜಾಗಕ್ಕೆ ಸರಿಸುತ್ತದೆ. ಅಲ್ಲಿ ಅದೇ ಹೆಸರಿನ ಫೈಲ್ ಇದ್ದರೆ ಸರಿಸದೆ ಎರರ್ ಕೊಡುತ್ತದೆ. ಆಗ ಹೆಸರಿಗೆ ಊರು, ತಾರೀಖು ಸೇರಿಸಿ ಮತ್ತೆ ಕರೆಯಿರಿ. ಕಾಪಿ ಬೇಕಿದ್ದರೆ ಇದನ್ನು ಬಳಸಬೇಡಿ.”

ಇದರಲ್ಲಿ ನಾಲ್ಕು ವಿಷಯ ಇದೆ: ಏನು ಮಾಡುತ್ತದೆ, ಎಲ್ಲಿಯವರೆಗೆ ಮಾಡುತ್ತದೆ, ಅಡ್ಡಿ ಬಂದರೆ ಏನಾಗುತ್ತದೆ, ಯಾವಾಗ ಬಳಸಬಾರದು. ಮೊದಲನೆಯದನ್ನು ಎಲ್ಲರೂ ಬರೀತಾರೆ. ಫೈಲ್ ಉಳಿಸೋದು ಉಳಿದ ಮೂರು.

ಹುಡುಕುವ ಟೂಲ್‌ಗೂ ಇದೇ ಮಾತು. ನಮ್ಮ ಊರಿನ ಇಂಗ್ಲಿಷ್ ಸ್ಪೆಲಿಂಗ್ 2014ರ ನವೆಂಬರ್ 1ರಂದು ಬದಲಾಯಿತು. ಹಳೇ ಫೈಲ್‌ಗಳಲ್ಲಿ ‘ಬಿ’ ಆದ ಮೇಲೆ ‘ಇ’, ಕೊನೆಗೆ ‘ವೈ’. ಹೊಸದರಲ್ಲಿ ‘ಎ’ ಮತ್ತು ‘ಐ’. ಅಕ್ಷರ ಸರಿಯಾಗಿ ಹೊಂದಿದರೆ ಮಾತ್ರ ಹುಡುಕುವ ಟೂಲ್‌ಗೆ ಹೊಸ ಸ್ಪೆಲಿಂಗ್ ಕೊಟ್ಟರೆ ಹಳೇ ಮ್ಯಾಪ್ ಸಿಗಲ್ಲ. ಏಜೆಂಟ್ “ಅಂಥ ಫೈಲ್ ಇಲ್ಲ” ಅಂತ ಧೈರ್ಯವಾಗಿ ಹೇಳಿಬಿಡುತ್ತದೆ. ಅದಕ್ಕೇ ಈಗ “ಅಕ್ಷರಶಃ ಹೊಂದಿಸುತ್ತದೆ, ಊರಿನ ಹೆಸರನ್ನು ಹಳೇ, ಹೊಸ ಎರಡೂ ಸ್ಪೆಲಿಂಗ್‌ನಲ್ಲಿ ಹುಡುಕಿ” ಅಂತ ಸೇರಿಸಿದ್ದೇವೆ.

ಡಿಸ್ಕ್ರಿಪ್ಷನ್ ಬೀಗ ಅಲ್ಲ

ಎಷ್ಟೇ ಚೆನ್ನಾಗಿ ಬರೆದರೂ ಮಾಡೆಲ್ ಒಮ್ಮೊಮ್ಮೆ ತಪ್ಪುತ್ತದೆ. ಎಂಸಿಪಿಯಲ್ಲಿ ‘ಈ ಟೂಲ್ ಫೈಲ್ ಹಾಳುಮಾಡಬಹುದು’ ಅಂತ ಗುರುತು ಹಾಕಬಹುದು, ಆದರೆ ಅದೂ ಬರೀ ಸೂಚನೆ. ತಡೆ ಇರಬೇಕಾದ್ದು ಕೋಡ್‌ನಲ್ಲಿ. ಹಾಗಾಗಿ ಸರಿಸುವ ಮೊದಲು ಆ ಹೆಸರಿನ ಫೈಲ್ ಇದೆಯಾ ಅಂತ ನಮ್ಮ ಕೋಡೇ ಈಗ ನೋಡುತ್ತದೆ. ಅಳಿಸುವ ಟೂಲ್ ಅನ್ನು ತೆಗೆದೇ ಹಾಕಿದ್ವಿ.

ನೀವೂ ಏಜೆಂಟ್ ಮಾಡ್ತಿದ್ರೆ ಒಂದು ಸುಲಭ ಪರೀಕ್ಷೆ ಇದೆ. ನಿಮ್ಮ ಕೋಡ್ ನೋಡದ ಗೆಳೆಯನಿಗೆ ಡಿಸ್ಕ್ರಿಪ್ಷನ್ ಮಾತ್ರ ಕೊಟ್ಟು, “ಅದೇ ಹೆಸರಿನ ಫೈಲ್ ಇದ್ರೆ ಏನಾಗುತ್ತೆ?” ಅಂತ ಕೇಳಿ. ಅವನು ತಿರುಗಿ ನಿಮ್ಮನ್ನೇ ಕೇಳಿದರೆ, ನೀವು ಕೊಡುವ ಉತ್ತರವನ್ನು ಅಲ್ಲೇ ಡಿಸ್ಕ್ರಿಪ್ಷನ್‌ಗೆ ಸೇರಿಸಿ. ನಾವು ಕೇಳಿರಲಿಲ್ಲ. ನಮ್ಮ ರಿಪೋರ್ಟ್‌ನಲ್ಲಿ ಸಿರುಗುಪ್ಪದ ಗ್ರಾಫ್ ಮೂರು ವಾರ ಮೊದಲೇ ನಿಂತುಹೋಗಿದೆ.