ಸರಹದ್ದು ಕೇಳದ ಸಂಖ್ಯೆ

‘ಇದು ನಮ್ಮ ಸರಹದ್ದಿಗೆ ಬರುವುದಿಲ್ಲ, ಆ ಠಾಣೆಗೆ ಹೋಗಿ.’ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ ಎಷ್ಟೋ ಮಂದಿ ಕೇಳಿಸಿಕೊಂಡು ವಾಪಸಾದ ಮಾತಿದು. ಇದಕ್ಕೆ ಯಾರೋ ಒಬ್ಬ ಸಿಬ್ಬಂದಿಯ ಸೋಮಾರಿತನವಷ್ಟೇ ಕಾರಣವಲ್ಲ. ಬ್ರಿಟಿಷರು 1861ರಲ್ಲಿ ಪೊಲೀಸ್ ಕಾಯ್ದೆಯನ್ನೂ ದಂಡ ಪ್ರಕ್ರಿಯಾ ಸಂಹಿತೆಯನ್ನೂ ತಂದಾಗ ಕಟ್ಟಿದ ವ್ಯವಸ್ಥೆಯ ಅಡಿಪಾಯವೇ ಠಾಣೆಯ ಎಲ್ಲೆ. ಯಾವ ಊರು ಯಾವ ಠಾಣೆಗೆ, ಯಾವ ದೂರು ಯಾರ ಪುಸ್ತಕಕ್ಕೆ ಎಂಬುದು ಮೊದಲು ಇತ್ಯರ್ಥವಾಗಬೇಕು, ಮುಂದಿನದೆಲ್ಲ ಆಮೇಲೆ. ನಮ್ಮ ಹಳ್ಳಿಗಳಲ್ಲಿ ಕಳವೋ ಕೊಲೆಯೋ ಆದರೆ ಪಟೇಲರು ಹೇಳಿಕಳಿಸಬೇಕು, ತಳವಾರನೋ ತೋಟಿಯೋ ನಡೆದು ಹೋಗಿ ಠಾಣೆಗೆ ಸುದ್ದಿ ಮುಟ್ಟಿಸಬೇಕು. ವಂಶಪಾರಂಪರ್ಯದ ಈ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿದರೂ, ಸುದ್ದಿಯನ್ನು ಸರಿಯಾದ ಬಾಗಿಲಿಗೆ ಮುಟ್ಟಿಸುವ ಹೊಣೆ ಸಂಕಟದಲ್ಲಿದ್ದವರ ತಲೆಯ ಮೇಲೆಯೇ ಉಳಿಯಿತು. ತುರ್ತು ದೂರವಾಣಿ ಸಂಖ್ಯೆಯ ಕಥೆಯನ್ನು ತಂತ್ರಜ್ಞಾನದ ಪ್ರಗತಿಯೆಂದು ಹೇಳುವುದು ರೂಢಿ. ನನಗೆ ಅದು ಈ ಹೊಣೆ ಜನರ ಹೆಗಲಿನಿಂದ ಸರ್ಕಾರದ ಹೆಗಲಿಗೆ ನಿಧಾನವಾಗಿ, ಪ್ರತಿ ಬಾರಿಯೂ ಒಂದು ದುರಂತದ ಬೆಲೆ ತೆತ್ತು, ದಾಟಿದ ಕಥೆಯಾಗಿ ಕಾಣುತ್ತದೆ.

ಮೊದಲ ಬೆಲೆ ತೆತ್ತದ್ದು ಲಂಡನ್. 1935ರ ನವೆಂಬರ್ 10ರಂದು ಅಲ್ಲಿನ ವಿಂಪೋಲ್ ಸ್ಟ್ರೀಟ್‌ನಲ್ಲಿ ವೈದ್ಯರೊಬ್ಬರ ಮನೆಗೆ ಬೆಂಕಿ ಬಿದ್ದು ಐವರು ಹೆಂಗಸರು ಸತ್ತರು. ನೆರೆಮನೆಯವರು ಅಗ್ನಿಶಾಮಕ ದಳಕ್ಕೆ ತಿಳಿಸಲು ಫೋನ್ ಎತ್ತಿದ್ದರು. ಆದರೆ ಎಕ್ಸ್‌ಚೇಂಜಿನಲ್ಲಿ ಅವರ ಕರೆ ಉಳಿದ ಕರೆಗಳ ಜೊತೆ ಸರದಿಯಲ್ಲಿ ಕಾಯುತ್ತಿತ್ತು. ಮದುವೆಯ ಸುದ್ದಿ ಹೇಳುವ ಕರೆಗೂ ಮನೆ ಉರಿಯುತ್ತಿದೆ ಎನ್ನುವ ಕರೆಗೂ ವ್ಯತ್ಯಾಸ ತಿಳಿಯುವ ಉಪಾಯವೇ ಆಪರೇಟರಿಗೆ ಇರಲಿಲ್ಲ. ಆ ನೆರೆಯವರು ‘ದಿ ಟೈಮ್ಸ್’ ಪತ್ರಿಕೆಗೆ ಬರೆದ ಪತ್ರ ಸರ್ಕಾರವನ್ನು ಎಚ್ಚರಿಸಿತು, ಸಮಿತಿ ಕೂತಿತು, 1937ರ ಜೂನ್ 30ರಂದು 999 ಚಾಲನೆಗೆ ಬಂತು. ಈ ಸಂಖ್ಯೆ ಒತ್ತಿದೊಡನೆ ಎಕ್ಸ್‌ಚೇಂಜಿನಲ್ಲಿ ಕೆಂಪು ದೀಪ ಹೊತ್ತಿ ಭೋಂಕರಿಸುವ ಸದ್ದಾಗುತ್ತಿತ್ತು, ಆಪರೇಟರ್ ಉಳಿದ ಕೆಲಸ ಬಿಟ್ಟು ಅದನ್ನೇ ಎತ್ತಿಕೊಳ್ಳಬೇಕಿತ್ತು. ಹೊಗೆ ತುಂಬಿದ ಕೋಣೆಯಲ್ಲೂ ಬೆರಳಿನಿಂದ ತಡವಿ ಹುಡುಕಬಹುದಾದ ಅಂಕಿಯಾಗಿರಬೇಕು ಎಂಬುದೂ 9ರ ಆಯ್ಕೆಗೆ ಒಂದು ಕಾರಣವಾಗಿತ್ತು. ಕರೆ ಮಾಡುವವರ ಕೈ ನಡುಗುತ್ತಿರುತ್ತದೆ, ಕಣ್ಣು ಕಾಣದಿರಬಹುದು ಎಂದು ಒಂದು ಸರ್ಕಾರಿ ಇಲಾಖೆ ಮುಂಚಿತವಾಗಿ ಯೋಚಿಸಿತು. ಆ ಯೋಚನೆಯನ್ನು ನಾನು ಯಂತ್ರಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ. ಅಮೆರಿಕದ 911 ಬಂದದ್ದು ಮೂವತ್ತು ವರ್ಷ ತಡವಾಗಿ, 1968ರ ಫೆಬ್ರುವರಿಯಲ್ಲಿ, ಅಲಬಾಮದ ಹೇಲಿವಿಲ್ ಎಂಬ ಸಣ್ಣ ಊರಿನಲ್ಲಿ. ಯುರೋಪಿನ ದೇಶಗಳು 1991ರಲ್ಲಿ 112ನ್ನು ಸಮಾನ ಸಂಖ್ಯೆಯಾಗಿ ಒಪ್ಪಿಕೊಂಡವು, ಮೊಬೈಲ್ ಫೋನುಗಳು ಅದನ್ನು ಜಗತ್ತಿನೆಲ್ಲೆಡೆ ಹಬ್ಬಿಸಿದವು.

ಭಾರತದಲ್ಲಿ ಆದದ್ದು ಇದರ ತದ್ವಿರುದ್ಧ. ಇಲ್ಲಿ ಸಂಖ್ಯೆಗಳು ಕೂಡಿಕೊಳ್ಳುವ ಬದಲು ಹೆಚ್ಚುತ್ತ ಹೋದವು. ಪೊಲೀಸರಿಗೆ 100, ಬೆಂಕಿಗೆ 101, ಆಂಬುಲೆನ್ಸ್‌ಗೆ 102. 1996ರಲ್ಲಿ ಮುಂಬೈಯಲ್ಲಿ ಶುರುವಾದ ಮಕ್ಕಳ ಸಹಾಯವಾಣಿ 1098. ಮಹಿಳೆಯರಿಗೆ 1091, ಆಮೇಲೆ 181. 2008ರ ರಾಜ್ಯೋತ್ಸವದಂದು ಕರ್ನಾಟಕಕ್ಕೆ ‘ಆರೋಗ್ಯ ಕವಚ’ದ 108, ಹೆದ್ದಾರಿಗೆ 1033. ಪ್ರತಿಯೊಂದರ ಹಿಂದೆಯೂ ಸದುದ್ದೇಶವಿತ್ತು, 108 ಉಳಿಸಿದ ಜೀವಗಳನ್ನು ಯಾರೂ ಅಲ್ಲಗಳೆಯಲಾರರು. ಆದರೂ ಬೈಕಿಗೆ ಲಾರಿ ಗುದ್ದಿ, ಸವಾರ ರಸ್ತೆಯ ಮೇಲೆ ಬಿದ್ದು, ಡೀಸೆಲ್ ಸೋರುತ್ತಿರುವಾಗ ನೋಡಿದವರು ಇದು ಪೊಲೀಸ್ ವಿಷಯವೋ, ಆಂಬುಲೆನ್ಸ್ ವಿಷಯವೋ, ಅಗ್ನಿಶಾಮಕದ್ದೋ ಎಂದು ತೀರ್ಮಾನಿಸಬೇಕಿತ್ತು. ಇಲಾಖೆಗಳು ತಮ್ಮತಮ್ಮಲ್ಲಿ ಹಂಚಿಕೊಂಡ ಕೆಲಸದ ಪಟ್ಟಿಯನ್ನು ಜನ ಬಾಯಿಪಾಠ ಮಾಡಬೇಕೆಂದು ನಿರೀಕ್ಷಿಸಿದಂತಾಯಿತು. ಬೆಂಗಳೂರಿನ ಪೊಲೀಸರು ಹೊಯ್ಸಳ ಗಸ್ತು ವಾಹನಗಳನ್ನು ಬೀದಿಗಿಳಿಸಿ, 2017ರಲ್ಲಿ ‘ನಮ್ಮ 100’ ಹೆಸರಿನಲ್ಲಿ ನಿಯಂತ್ರಣ ಕೊಠಡಿಯನ್ನು ಹೊಸದಾಗಿ ಕಟ್ಟಿ ನಗರದ ಮಟ್ಟಿಗೆ ಒಳ್ಳೆಯ ಪ್ರಯತ್ನ ಮಾಡಿದರು. ಆದರೆ ಅದು ಒಂದು ನಗರದ, ಒಂದು ಇಲಾಖೆಯ ಸುಧಾರಣೆ.

ದೇಶಮಟ್ಟದ ಬದಲಾವಣೆಗೂ ದುರಂತವೇ ಬೇಕಾಯಿತು. 2012ರ ಡಿಸೆಂಬರ್ 16ರ ರಾತ್ರಿ ದೆಹಲಿಯಲ್ಲಿ ನಡೆದ ಅತ್ಯಾಚಾರದ ನಂತರ ನಿರ್ಭಯಾ ನಿಧಿ ಸ್ಥಾಪನೆಯಾಯಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2015ರಲ್ಲಿ ಇಡೀ ದೇಶಕ್ಕೆ 112 ಇರಲೆಂದು ಶಿಫಾರಸು ಮಾಡಿತು. 2016ರ ನಿಯಮ ಮೊಬೈಲ್‌ಗಳಲ್ಲಿ ತುರ್ತು ಗುಂಡಿಯನ್ನು ಕಡ್ಡಾಯಗೊಳಿಸಿತು, ಕೀಲಿಗಳಿರುವ ಸಾದಾ ಫೋನಿನಲ್ಲಿ 5 ಅಥವಾ 9ನ್ನು ಒತ್ತಿಹಿಡಿದರೆ ಕರೆ ಹೋಗಬೇಕೆಂದು ಹೇಳಿತು. 2018ರ ನವೆಂಬರ್‌ನಲ್ಲಿ ಹಿಮಾಚಲ ಪ್ರದೇಶ ಮೊದಲ ರಾಜ್ಯವಾಯಿತು, 2019ರಲ್ಲಿ ಕರ್ನಾಟಕವೂ ಸೇರಿತು. ಈಗ 112 ಒತ್ತಿದರೆ ಕರೆ ರಾಜ್ಯದ ತುರ್ತು ಸ್ಪಂದನಾ ಕೇಂದ್ರಕ್ಕೆ ಹೋಗುತ್ತದೆ. ಎತ್ತಿಕೊಂಡವರು ಜಾಗವನ್ನೂ ಸಂಗತಿಯನ್ನೂ ಕಂಪ್ಯೂಟರಿಗೆ ಏರಿಸುತ್ತಾರೆ, ಹತ್ತಿರದ ವಾಹನ ಯಾವುದೆಂದು ಜಿಪಿಎಸ್ ತೋರಿಸುತ್ತದೆ, ಆ ವಾಹನದೊಳಗಿನ ಪರದೆಗೆ ವಿವರ ತಲುಪುತ್ತದೆ. ಆಣೆ ಮಾಡಿ ಹೇಳಬಹುದಾದ ಒಂದೇ ಕಿವಿಮಾತೆಂದರೆ, ಮೊದಲು ಜಾಗ ಹೇಳಿ, ಆಮೇಲೆ ಏನಾಯಿತೆಂದು. ನಡುವೆ ಲೈನು ಕಡಿದುಹೋದರೂ ಜಾಗ ಗೊತ್ತಿದ್ದರೆ ವಾಹನ ಹೊರಡುತ್ತದೆ. ಸೈಬರ್ ವಂಚನೆಯಲ್ಲಿ ಹಣ ಕಳೆದುಕೊಂಡವರಿಗೆ ಮಾತ್ರ 1930 ಪ್ರತ್ಯೇಕವಾಗಿಯೇ ಇರುವುದು ಸರಿ. ಅಲ್ಲಿ ಓಡಬೇಕಾದದ್ದು ಜೀಪಲ್ಲ, ಹಣ ತಡೆಹಿಡಿಯುವ ಸೂಚನೆ ಬ್ಯಾಂಕಿನಿಂದ ಬ್ಯಾಂಕಿಗೆ.

ಸಂಖ್ಯೆ ಬದಲಾದರೆ ಸಾಲದು ಎಂಬುದು ಅದೇ 2019ರ ನವೆಂಬರ್‌ನಲ್ಲಿ ಹೈದರಾಬಾದಿನ ಹೊರವಲಯದಲ್ಲಿ ಕಂಡಿತು. ಪಶುವೈದ್ಯೆಯೊಬ್ಬರು ಕಾಣೆಯಾದ ರಾತ್ರಿ ಮನೆಯವರು ಠಾಣೆಗೆ ಓಡಿದರೆ, ಘಟನೆ ನಡೆದ ಜಾಗ ಯಾರ ಸರಹದ್ದು ಎಂಬ ಮಾತಿನಲ್ಲೇ ಹೊತ್ತು ಹೋಯಿತೆಂದು ಅವರು ದೂರಿದರು. ಆಕೆಯ ಕೊಲೆಯಾದದ್ದು ಗೊತ್ತಾದ ಮೇಲೆ ತಡಮಾಡಿದ್ದಕ್ಕಾಗಿ ಮೂವರು ಪೊಲೀಸರು ಅಮಾನತಾದರು. ಸರಹದ್ದಿನ ಈ ಗೋಡೆಯನ್ನು ಕೆಡವಲು ಕಾನೂನೇ ಬೇಕಿತ್ತು. ಗಂಭೀರ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲೇ ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್, ಅಪರಾಧ ಎಲ್ಲೇ ನಡೆದಿರಲಿ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದೆಂದು ಬರೆದಿಟ್ಟಿದೆ. ಜನ ‘ಝೀರೋ ಎಫ್‌ಐಆರ್’ ಎನ್ನುವುದು ಇದನ್ನೇ. ಇಮೇಲ್‌ನಂಥ ವಿದ್ಯುನ್ಮಾನ ಮಾರ್ಗದಲ್ಲೂ ಮಾಹಿತಿ ಕೊಟ್ಟು ಮೂರು ದಿನದೊಳಗೆ ಸಹಿ ಮಾಡಬಹುದು. 112 ಮತ್ತು 173 ಒಂದೇ ತತ್ವದ ಎರಡು ಮುಖ: ಎಲ್ಲೆ ಹುಡುಕುವುದು ಇಲಾಖೆಯ ಕೆಲಸ, ದೂರು ಕೊಡುವವರದ್ದಲ್ಲ.

ಇದಕ್ಕೆ ತೂಕದ ಆಕ್ಷೇಪವೊಂದಿದೆ. ಬೆಂಗಳೂರಿನಲ್ಲಿ ಕೂತವರಿಗೆ ನಮ್ಮೂರಿನ ಆಲದಮರದ ತಿರುವು ಗೊತ್ತೇ? ಬೀಟ್ ಪೊಲೀಸರ ನಂಬರು ಕೈಯಲ್ಲಿರುವಾಗ ಕೇಂದ್ರಕ್ಕೇಕೆ ಕರೆ ಮಾಡಬೇಕು? ಮಾತು ನಿಜ. ಮೊಬೈಲ್ ಟವರಿನಿಂದ ಸಿಗುವ ಅಂದಾಜು ಹಳ್ಳಿಗಾಡಿನಲ್ಲಿ ಕಿಲೋಮೀಟರುಗಟ್ಟಲೆ ತಪ್ಪಬಹುದು, ಊರು ಬಲ್ಲ ಪೇದೆಯ ತಿಳಿವಳಿಕೆಗೆ ಬದಲಿಯಿಲ್ಲ. ಬೀಟ್ ಪೊಲೀಸರಿಗೆ ತಿಳಿಸಬೇಡಿ ಎಂದು ನಾನು ಹೇಳುತ್ತಿಲ್ಲ, 112ಕ್ಕೂ ತಿಳಿಸಿ ಎನ್ನುತ್ತಿದ್ದೇನೆ. ಪರಿಚಿತರ ಮೊಬೈಲಿಗೆ ಮಾಡಿದ ಕರೆ ಅವರು ರಜೆಯಲ್ಲಿದ್ದರೆ ಅಲ್ಲಿಗೇ ಮುಗಿಯಿತು, ಎತ್ತಿದರೂ ಏನು ಹೇಳಿದಿರಿ ಎಂಬುದಕ್ಕೆ ಗುರುತು ಉಳಿಯುವುದಿಲ್ಲ. 112ರಲ್ಲಿ ಕರೆ ಬಂದ ಗಳಿಗೆ, ವಾಹನ ಹೊರಟ ಗಳಿಗೆ, ಮುಟ್ಟಿದ ಗಳಿಗೆ ಎಲ್ಲ ದಾಖಲಾಗುತ್ತವೆ. ಪ್ರಭಾವಿಗಳಿಗೆ ಇನ್‌ಸ್ಪೆಕ್ಟರರ ಪರಿಚಯವಿರುತ್ತದೆ. ಕೂಲಿಗೆ ಬಂದ ಹೆಣ್ಣುಮಗಳಿಗೆ, ಊರಾಚೆಯ ಕೇರಿಯವರಿಗೆ ಈ ದಾಖಲೆಯೇ ಪರಿಚಯಪತ್ರ.

ಸುಳ್ಳು ಕರೆಗಳ ಮಾತೂ ಬರುತ್ತದೆ. ಮಕ್ಕಳು ಆಡುತ್ತ ಒತ್ತಿದ್ದು, ಜೇಬಿನಲ್ಲಿ ತಾನಾಗಿ ಒತ್ತಿಹೋದದ್ದು, ಬೇಕೆಂದೇ ಕಾಡಿಸಿದ್ದು. ಇವು ನಿಜವಾದ ಕರೆಗಳ ದಾರಿಗೆ ಅಡ್ಡ ಬರುತ್ತವೆ. ಬೇಕೆಂದೇ ಸುಳ್ಳು ಹೇಳಿದವರಿಗೆ ಶಿಕ್ಷೆಯಾಗಲಿ, ಅದಕ್ಕೆ ಕಾನೂನಿದೆ. ಆದರೆ ಆ ನೆಪದಲ್ಲಿ ಬಾಗಿಲನ್ನು ಕಿರಿದು ಮಾಡಿದರೆ ಮೊದಲು ಹಿಂದೆ ಸರಿಯುವವರು ಹೆದರಿಕೊಂಡೇ ಫೋನ್ ಎತ್ತುವವರು. ನಮ್ಮಲ್ಲಿ ಜನ ಕರೆ ಮಾಡದಿರಲು ದೊಡ್ಡ ಕಾರಣ ‘ಸಾಕ್ಷಿಯೆಂದು ಕೋರ್ಟಿಗೆ ಅಲೆಸುತ್ತಾರೆ’ ಎಂಬ ಭಯ. ಅಪಘಾತದಲ್ಲಿ ನೆರವಾದವರಿಗೆ ರಕ್ಷಣೆ ಕೊಡುವ ಮಾರ್ಗಸೂಚಿಯನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಎತ್ತಿಹಿಡಿಯಿತು. ಇದಕ್ಕೆಂದೇ ಕಾನೂನು ಮಾಡಿದ ಮೊದಲ ರಾಜ್ಯ ಕರ್ನಾಟಕ, 2018ರಲ್ಲಿ ಅದಕ್ಕೆ ರಾಷ್ಟ್ರಪತಿಯ ಅಂಕಿತ ಬಿತ್ತು. ಮರುವರ್ಷ ಮೋಟಾರು ವಾಹನ ಕಾಯ್ದೆಗೂ ಅದೇ ರಕ್ಷಣೆ ಸೇರಿತು. ಇಷ್ಟಿದ್ದೂ ರಸ್ತೆಬದಿ ಅಂಗಡಿಯವರಿಗೆ ಇದನ್ನು ತಿಳಿಹೇಳುವ ಕೆಲಸ ಕಾನೂನಿನಷ್ಟು ವೇಗವಾಗಿ ನಡೆದಿಲ್ಲ.

ಮುಂದಿನ ಹೆಜ್ಜೆ ಭಾಷೆಯದು, ಲೆಕ್ಕದ್ದು. ಮುಂಬೈಯಲ್ಲಿರುವ ಕನ್ನಡಿಗರು 112 ಒತ್ತಿದರೆ ಉತ್ತರಿಸುವುದು ಮಹಾರಾಷ್ಟ್ರದ ಕೇಂದ್ರ, ಬೆಂಗಳೂರಿನ ಕಟ್ಟಡ ಕಾರ್ಮಿಕರು ಒತ್ತಿದರೆ ಕರ್ನಾಟಕದ್ದು. ಗಾಬರಿಯಲ್ಲಿ ಬಾಯಿಗೆ ಬರುವುದು ತಾಯಿನುಡಿ ಮಾತ್ರ. ಒಡಿಯಾ, ಬಂಗಾಳಿ, ಕನ್ನಡ ಬಲ್ಲವರನ್ನು ಕರೆಯ ನಡುವೆಯೇ ಸೇರಿಸಿಕೊಳ್ಳಲು ರಾಜ್ಯಗಳ ಕೇಂದ್ರಗಳು ಪರಸ್ಪರ ನೆರವಾಗಬೇಕು. ಮಾತೇ ಆಡಲಾಗದವರಿಗೆ ಆ್ಯಪ್ ಇದೆ, ಆದರೆ ಸಾದಾ ಫೋನಿನವರಿಗೂ ಅಷ್ಟೇ ಸುಲಭದ ದಾರಿ ಬೇಕು. ಇನ್ನು ವಾಹನ ಮುಟ್ಟಿದ ಹೊತ್ತಿನ ಲೆಕ್ಕ. ಅದು ಹೇಗೂ ಕೇಂದ್ರದ ಕಂಪ್ಯೂಟರಿನಲ್ಲಿದೆ. ತಾಲ್ಲೂಕುವಾರು ಅದನ್ನು ಪ್ರತಿ ತಿಂಗಳು ಜನರ ಮುಂದಿಟ್ಟರೆ ಹನೂರಿಗೆ ಇನ್ನೊಂದು ಜೀಪು ಬೇಕೋ, ಔರಾದಿಗೆ ಇನ್ನಿಬ್ಬರು ಚಾಲಕರು ಬೇಕೋ ಎಂದು ಶಾಸಕರು ಸದನದಲ್ಲಿ ಅಂಕಿ ಹಿಡಿದು ಕೇಳಬಹುದು.